ಊರಿಗೆಲ್ಲ ಒಂದೇ ಮೇಣದ ಬತ್ತಿ

ಊರಲ್ಲಿ ಯಾರಿಗೆ ಕೊನೆಗಾಲ ಬಂದರೂ ಹೊನೊರಾತಾಳನ್ನೇ ಕರೆಯುತ್ತಿದ್ದರು. ಈಗ ಅವಳಿಗೇ ಬಂದಿತ್ತು, ಕರೆಯಲು ಯಾರೂ ಇರಲಿಲ್ಲ.

ಹಿಮಗಾಳಿ ಎದ್ದರೆ ಬೇಗ ಬಿಡದ ತಿಂಗಳು ಅದು. ಕಿಟಕಿಯ ಅರ್ಧದವರೆಗೆ ಹಿಮ ಪೇರಿಕೊಂಡು ನಡುಮಧ್ಯಾಹ್ನವೇ ಮನೆಯೊಳಗೆ ಮುಸ್ಸಂಜೆಯಾಗಿತ್ತು. ಒಲೆಯ ಪಕ್ಕದ ಮಂಚದ ಮೇಲೆ ಹೊನೊರಾತಾ ಮಲಗಿದ್ದಳು. ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಅನ್ನುತ್ತಿತ್ತು. ಮಗಳು ಸಬೀನಾ ಒಲೆಗೆ ಬೆರಣಿ ತುರುಕುತ್ತಿದ್ದಳು. ಪಕ್ಕದ ಮನೆಯ ಕಜಾಕ್ ಮುದುಕಿ ಬಾಲ್ಜಾನ್ ಆಪಾ ಗೆಳತಿಯ ಕಾಲು ಹಿಡಿದು ತಿಕ್ಕುತ್ತ ಕೂತಿದ್ದಳು. ದಿಂಬಿನ ಕೆಳಗೆ ಬಿಳಿ ಬಟ್ಟೆಯ ಗಂಟೊಂದಿತ್ತು. ಸಬೀನಾ ಆಗಾಗ ಕೈಹಾಕಿ ಅದು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದಳು.

ಗಂಟಿನಲ್ಲಿದ್ದದ್ದು ಜೇನುಮೇಣದ ಒಂದು ಬತ್ತಿಯ ತುಂಡು, ಹೆಬ್ಬೆರಳ ಗೆಣ್ಣಿನಷ್ಟು. ಹುಟ್ಟೂರಿನ ಇಗರ್ಜಿಯಲ್ಲಿ ಫೆಬ್ರವರಿಯ ಮಾತೆ ಮರಿಯಳ ಹಬ್ಬದಂದು ಪಾದ್ರಿಗಳು ಮಂತ್ರಿಸಿ ಕೊಟ್ಟಿದ್ದು. ಸಾಯುವವರ ಕೈಯಲ್ಲಿ ಅದನ್ನು ಹಚ್ಚಿ ಹಿಡಿಸಬೇಕು, ಇಲ್ಲದಿದ್ದರೆ ಆತ್ಮ ಕತ್ತಲಲ್ಲಿ ತಡಕಾಡುತ್ತದೆ ಎಂದು ಅವರ ಜನ ನಂಬಿದ್ದರು. ಹುಟ್ಟೂರಿನಲ್ಲಿ ಮನೆಗೊಂದು ಬತ್ತಿ ಇತ್ತು. ಪೋಲಿಷರೆಂಬ ಒಂದೇ ಅಪರಾಧಕ್ಕೆ ಕಮ್ಯುನಿಸ್ಟ್ ಸರ್ಕಾರ ಊರಿಗೆ ಊರನ್ನೇ ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ ತಂದು ಕಜಾಕಿಸ್ತಾನದ ಬಯಲಲ್ಲಿ ಸುರಿದಾಗ ಜನ ಕೊಡಲಿ, ಹಿಟ್ಟು, ಹೊಲಿಗೆ ಯಂತ್ರ ಹೊತ್ತು ತಂದಿದ್ದರು. ಬತ್ತಿ ತಂದವಳು ಹೊನೊರಾತಾ ಒಬ್ಬಳೇ, ಗರಿ ತುಂಬಿದ ದಿಂಬಿನೊಳಗೆ ಹೊಲಿದುಕೊಂಡು. ಅದರ ಬದಲು ಒಂದು ಹಿಡಿ ಉಪ್ಪಾದರೂ ತರಬಾರದಿತ್ತೇ ಎಂದು ಗಂಡ ಫೆಲಿಕ್ಸ್ ಗೊಣಗಿದ್ದ. ಅವರನ್ನು ಇಳಿಸಿದ ಜಾಗದಲ್ಲಿ ಮನೆಯಿಲ್ಲ, ಮರವಿಲ್ಲ, ನಂಬರು ಬರೆದ ಒಂದು ಕಂಬ ಮಾತ್ರ ಇತ್ತು. ಮೊದಲ ಚಳಿಗಾಲದಲ್ಲೇ ಉಪ್ಪಿಗಿಂತ ಬತ್ತಿಗೆ ಬೇಡಿಕೆ ಹೆಚ್ಚಾಯಿತು.

ಹಾಗಾಗಿ ಊರಿಗೆಲ್ಲ ಅದೊಂದೇ ಬತ್ತಿ. ಪಾದ್ರಿಗಳನ್ನೆಲ್ಲ ಜೈಲಿಗಟ್ಟಿದ್ದರು. ಅಂಗಡಿಯ ಬತ್ತಿಯನ್ನು ಮಂತ್ರಿಸುವವರು ಯಾರು? ಹೊನೊರಾತಾ ಅದಕ್ಕೊಂದು ಕ್ರಮ ಮಾಡಿಕೊಂಡಳು. ಬತ್ತಿಯನ್ನು ಯಾರ ಕೈಗೂ ಕೊಟ್ಟು ಕಳಿಸುತ್ತಿರಲಿಲ್ಲ, ತಾನೇ ಹೋಗುತ್ತಿದ್ದಳು. ಸಾಯುವವರ ಬೆರಳಿಗೆ ಶಕ್ತಿಯಿರುವುದಿಲ್ಲ, ಅವರ ಮುಷ್ಟಿಯ ಮೇಲೆ ತನ್ನ ಮುಷ್ಟಿ ಹಿಡಿದು ಕೂರುತ್ತಿದ್ದಳು. ಜೀವ ಹೋಯಿತೆಂದರೆ ತುಟಿ ಒಂದು ಪಕ್ಕಕ್ಕೆ ಚೂಪು ಮಾಡಿ ಉಫ್ ಎಂದು ಆರಿಸಿಬಿಡುತ್ತಿದ್ದಳು. ಬೆರಳಲ್ಲಿ ಚಿವುಟಿದರೆ ದಾರ ಹಾಳಾಗುತ್ತದಂತೆ. ಹೆಣದ ಮುಂದೆ ಬತ್ತಿ ಉರಿಯಲಿ ಎಂದು ಯಾರಾದರೂ ಅತ್ತು ಕೇಳಿಕೊಂಡರೂ ಜಗ್ಗುತ್ತಿರಲಿಲ್ಲ. ಈ ವಿಷಯದಲ್ಲಿ ಅವಳಷ್ಟು ಜುಗ್ಗಿ ಇನ್ನೊಬ್ಬಳಿಲ್ಲ.

ಉಳಿದಂತೆ ಅವಳು ಮನೆವಾರ್ತೆಯ ಹೆಂಗಸು. ಮಣ್ಣಿನ ಇಟ್ಟಿಗೆಯ ಮನೆಗೆ ವರ್ಷಕ್ಕೆರಡು ಸಲ ಸುಣ್ಣ ಬಳಿದಳು. ಆಲೂಗಡ್ಡೆ ಸಿಪ್ಪೆಯಲ್ಲಿ ರೊಟ್ಟಿ ಮಾಡಿದಳು, ಶುಕ್ರವಾರ ಅದರಲ್ಲೂ ಅರ್ಧ ಬಿಟ್ಟು ಉಪವಾಸ ಎಂದಳು. ಹಿಟ್ಟು ನಾದುತ್ತ ಜಪಮಾಲೆ ಹೇಳಿಕೊಳ್ಳುತ್ತಿದ್ದಳು, ಕೈ ಎರಡೂ ಹಿಟ್ಟಿನಲ್ಲಿರುವಾಗ ಮಣಿ ಎಣಿಸಲು ಬಾರದೆ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಹುಟ್ಟಿದ ಕೂಸುಗಳಿಗೆ ಜ್ಞಾನಸ್ನಾನ ಮಾಡಿಸಿದ್ದೂ ಅವಳೇ, ಅಡುಗೆಮನೆಯ ತಂಬಿಗೆಯಲ್ಲಿ. ನೋಡಿದವರು ಸಂತಳೆಂದರು. ಸಬೀನಾಳಿಗೆ ಮಾತ್ರ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಸಂತಳ ಮಗಳಾಗಿ ಬದುಕುವ ಕಷ್ಟ ಹೊಗಳುವವರಿಗೇನು ಗೊತ್ತು?

ಬಂದ ಮರುವರ್ಷ ಫೆಲಿಕ್ಸ್‌ನನ್ನು ಹಿಡಿದುಕೊಂಡು ಹೋದರು. ಮನೆಯಲ್ಲಿ ಗುಟ್ಟಾಗಿ ಜನ ಸೇರಿಸಿ ಪ್ರಾರ್ಥನೆ ಮಾಡಿಸುತ್ತಾನೆ ಎಂದು ಸಾಕ್ಷಿ ಹೇಳಿದವನು ಅವರದೇ ಊರಿನ ಲುಡ್ವಿಕ್. ಹೊಲದ ಕೆಲಸದ ಮೇಸ್ತ್ರಿಗಿರಿ ಅವನಿಗೆ ಸಿಕ್ಕಿತು. ಫೆಲಿಕ್ಸ್ ವಾಪಸು ಬರಲಿಲ್ಲ.

ಮುಂದೆ ಯುದ್ಧದ ಕಾಲದಲ್ಲಿ, ಇಂಥದೇ ಒಂದು ಹಿಮಗಾಳಿಯ ದಿನ, ಅದೇ ಲುಡ್ವಿಕ್ ಬಾಗಿಲು ಬಡಿದಿದ್ದ. ಅವನ ತಾಯಿ ಸಾಯುತ್ತಿದ್ದಳು. ಇಲ್ಲಿ ಸಬೀನಾಳ ತಮ್ಮ ಕಾಜಿಕ್ ಜ್ವರದಲ್ಲಿ ಬೇಯುತ್ತಿದ್ದ. ಹೊನೊರಾತಾ ಮಗನ ಹಣೆ ಮುಟ್ಟಿ ನೋಡಿ, ಇವನಿಗೇನೂ ಆಗುವುದಿಲ್ಲ, ಬೇಗ ಬರುತ್ತೇನೆ ಎಂದು ಬತ್ತಿ ಹಿಡಿದು ಹೊರಟುಹೋದಳು. ಮುದುಕಿಯ ಜೀವ ಬೇಗ ಹೋಗಲಿಲ್ಲ. ಕಾಜಿಕ್‌ನದು ಹೋಯಿತು. ಕೊನೆಗೆ ಅವನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. "ಅಮ್ಮ ಬತ್ತಿ ತಂದ್ಲಾ ಅಕ್ಕ?" ಎಂದು ಕೇಳಿದ. ಸಬೀನಾ ಆಗಿನ್ನೂ ಹುಡುಗಿ, "ಇಲ್ಲ ಕಣೋ" ಎಂದಳು. ಅವನು ಹೆದರಿಕೊಂಡೇ ಸತ್ತ.

ಹೊನೊರಾತಾ ಮರಳಿ ಬಂದು ಮಗನ ತಣ್ಣನೆಯ ಕೈಯಲ್ಲಿ ಬತ್ತಿ ಹಚ್ಚಿಟ್ಟಳು. ಒಂದು ನಮೋ ಮರಿಯ ಜಪ ಹೇಳಿದಳು, ಉಫ್ ಎಂದು ಆರಿಸಿದಳು. "ಅವನಿಗಾದ್ರೂ ಉರೀಲಿ ಬಿಡಮ್ಮ" ಎಂದು ಸಬೀನಾ ಕಿರುಚಿದ್ದಳು. ತಾಯಿ ಬತ್ತಿಯನ್ನು ಬಟ್ಟೆಯಲ್ಲಿ ಸುತ್ತುತ್ತ, "ಇನ್ನೂ ಜನ ಇದಾರೆ" ಎಂದಳು. ಅಂದಿನಿಂದ ಸಬೀನಾ ತಾಯಿಗೆ ಹಾಲು ಕಾಯಿಸಿಕೊಟ್ಟಳು, ಬಟ್ಟೆ ಒಗೆದಳು, ಮದುವೆಯಾಗದೆ ಜೊತೆಗೇ ಉಳಿದಳು, ಆದರೆ ಆ ಮಾತನ್ನು ಕ್ಷಮಿಸಲಿಲ್ಲ. ಕ್ರಿಸ್ಮಸ್ ಮುನ್ನಾದಿನ ದಾರಿಹೋಕರಿಗೆಂದು ಒಂದು ಖಾಲಿ ತಟ್ಟೆ ಇಡುವುದು ಅವರ ರೂಢಿ. ಆಮೇಲಿನ ವರ್ಷಗಳಲ್ಲಿ ಆ ಜಾಗದಲ್ಲಿ ಕಾಜಿಕ್‌ನ ಬಟ್ಟಲು ಬಂತು. ಒಂದು ವರ್ಷ ಹೆಂಡತಿ ಸತ್ತು ಕಂಗೆಟ್ಟಿದ್ದ ಲುಡ್ವಿಕ್ ಬಾಗಿಲಲ್ಲಿ ಬಂದು ನಿಂತಾಗ ಹೊನೊರಾತಾ ಆ ಬಟ್ಟಲಿಗೇ ಬೀಟ್ರೂಟ್ ಸಾರು ಬಡಿಸಿಕೊಟ್ಟಳು. ಸಬೀನಾ ಎದ್ದು ದನದ ಕೊಟ್ಟಿಗೆಗೆ ಹೋಗಿ ಕೂತಿದ್ದಳು.

ಸಬೀನಾ ಈಗ ಪ್ರಾರ್ಥನೆಗೂ ಕೂರುತ್ತಿರಲಿಲ್ಲ. ಆತ್ಮಕ್ಕೆ ದಾರಿ ಕಾಣುತ್ತದೋ ಇಲ್ಲವೋ ಅವಳಿಗೆ ಬೇಕಾಗಿರಲಿಲ್ಲ. ಆದರೆ ಊರ ತುಂಬ ಹಂಚಿದ ಬೆಳಕಿನ ಕೊನೆಯ ಚೂರು ತಾಯಿಯ ಕೈಯಲ್ಲೇ ಉರಿದು ಮುಗಿಯಬೇಕು ಎಂಬುದೊಂದು ಹಟ ಅವಳಲ್ಲಿ ಗಟ್ಟಿಯಾಗಿತ್ತು. ಇಷ್ಟಾದರೂ ಈ ಮನೆಗೆ ಸಲ್ಲಲಿ ಎಂದು.

ಆಗ ಬಾಗಿಲು ಬಡಿದ ಸದ್ದಾಯಿತು. ತಲೆಯಿಂದ ಕಾಲವರೆಗೆ ಹಿಮ ಮೆತ್ತಿಕೊಂಡು ಒಳಬಂದವಳು ಲುಡ್ವಿಕ್‌ನ ಸೊಸೆ ಗೇನ್ಯಾ.

"ಸಬೀನಕ್ಕ, ಮಾವ ಹೋಗೋ ಹಾಗಿದಾರೆ. ಬತ್ತಿ ಬತ್ತಿ ಅಂತ ಒಂದೇ ಸಮ ಕನವರಿಸ್ತಿದಾರೆ."

"ಅಂಗಡೀಲಿ ಸಿಗತ್ತಲ್ಲ, ತಗೊಂಡು ಹಚ್ಚು."

"ಅದೇ ಬೇರೆ, ಇದೇ ಬೇರೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಕೊಡಲ್ಲ. ನಿಮ್ಮನೆಯವರು ಒಂದ್ಸಲ ಒಯ್ದಾಗಿದೆ."

ಗೇನ್ಯಾ ಮಂಚದ ಕಡೆ ನೋಡಿದಳು. ಮಾವ ಮಾಡಿದ್ದೆಲ್ಲ ಅವಳಿಗೂ ಗೊತ್ತಿತ್ತು, ಊರಿಗೇ ಗೊತ್ತಿತ್ತು. ತಲೆಬಟ್ಟೆ ಬಿಚ್ಚಿ ಹಿಮ ಕೊಡವಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. "ಹಾಗಾದ್ರೆ ಇಲ್ಲೇ ಕೂತಿರ್ತೀನಿ. ಏನಾದ್ರೂ ಉಳಿದ್ರೆ ಕೊಡಿ."

"ನಮ್ಮಮ್ಮ ಯಾವಾಗ ಸಾಯ್ತಾಳೆ ಅಂತ ಕಾಯ್ಕೊಂಡು ಕೂರ್ತೀಯಾ?"

"ನಂಗೇನು ಆಸೇನಾ ಅಕ್ಕ? ಆ ಮುದುಕ ಹೆದ್ರಿಕೊಂಡು ಒದ್ದಾಡೋದು ನೋಡಕ್ಕಾಗಲ್ಲ."

ಮಾತು ಕೇಳಿಸಿತೇನೋ, ಹೊನೊರಾತಾ ಕಣ್ಣು ಬಿಟ್ಟಳು. "ಹೋಗೇ" ಎಂದಳು ಮಗಳಿಗೆ. ಅಷ್ಟು ಹೇಳಲೂ ಅವಳಿಗೆ ಹೊತ್ತು ಹಿಡಿಯಿತು. ಸಬೀನಾ ಕೇಳದವಳಂತೆ ಒಲೆ ಕೆದಕಿದಳು. ಮುದುಕಿ ಮತ್ತೆ ಹೇಳಿದಳು, ಹೋಗೇ ಎಂದು.

"ಈ ಸಲ ಇಲ್ಲಮ್ಮ. ಕಾಜಿಕ್‌ನ ಬಿಟ್ಟು ಹೋದ್ಯಲ್ಲ, ಸಾಕು. ನಿನ್ನ ಬಿಟ್ಟು ನಾನು ಹೋಗಲ್ಲ."

ಕಾಜಿಕ್‌ನ ಹೆಸರು ಆ ಮನೆಯಲ್ಲಿ ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷಗಳಾಗಿದ್ದವು. ಹೊನೊರಾತಾಳ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಬಾಲ್ಜಾನ್ ಆಪಾ ತನ್ನ ತಲೆಬಟ್ಟೆಯ ತುದಿಯಿಂದ ಅದನ್ನು ಒರೆಸಿ ಸಬೀನಾಳತ್ತ ತಿರುಗಿದಳು. "ಅವಳ ವಸ್ತು, ಅವಳ ಮಾತು. ನಡುವೆ ನಿಂದೇನು?" ಎಂದಳು. ಆಪಾಳ ಮಾತನ್ನು ಆ ಮನೆಯಲ್ಲಿ ಯಾರೂ ಮೀರಿದ್ದಿಲ್ಲ. ಮೊದಲ ಚಳಿಗಾಲ ಅವಳ ಹಸುವಿನ ಹಾಲಿಲ್ಲದಿದ್ದರೆ ಆ ಮನೆಯೇ ಇರುತ್ತಿರಲಿಲ್ಲ. ಸಬೀನಾ ಈ ಸಲ ಮೀರಿದಳು.

ಉಸಿರಿನ ಸದ್ದು ಬದಲಾದಾಗ ಸಬೀನಾ ಗಂಟು ಬಿಚ್ಚಿದಳು. ತಾಯಿಯ ಬೆರಳುಗಳ ನಡುವೆ ಬತ್ತಿಯನ್ನಿಟ್ಟು, ಅದರ ಮೇಲೆ ತನ್ನ ಮುಷ್ಟಿ ಬಿಗಿದು, ಕಡ್ಡಿ ಗೀರಿದಳು. ಜೇನಿನ ವಾಸನೆ ಬಂತು. ಗೇನ್ಯಾ ಬೆಂಚಿನಿಂದ ಇಳಿದು ಮಂಡಿಯೂರಿ ನಮೋ ಮರಿಯ ಶುರುಮಾಡಿದಳು. ಹೊನೊರಾತಾ ಉರಿಯನ್ನು ನೋಡಿದಳು, ನೆಲದ ಮೇಲೆ ಮಂಡಿಯೂರಿದ್ದ ಹೆಂಗಸನ್ನು ನೋಡಿದಳು. ಆಮೇಲೆ ತುಟಿಯನ್ನು ಒಂದು ಪಕ್ಕಕ್ಕೆ ಚೂಪು ಮಾಡಿದಳು. ಸಬೀನಾಳಿಗೆ ಗೊತ್ತಾಯಿತು. ಗೊತ್ತಾಗಿ ಬತ್ತಿಯನ್ನು ಹಿಂದಕ್ಕೆಳೆಯುವಷ್ಟರಲ್ಲಿ ಮುದುಕಿ ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಉಫ್ ಎಂದುಬಿಟ್ಟಳು. ಮತ್ತೆ ಉಸಿರು ಒಳಗೆ ಹೋಗಲಿಲ್ಲ.

ಹೊಗೆಯ ಎಳೆಯೊಂದು ಮೇಲೆದ್ದು ಹರಡಿಹೋಯಿತು. ಸಬೀನಾ ಇನ್ನೊಂದು ಕಡ್ಡಿಗೆ ಕೈಹಾಕಿದವಳು ಹಾಗೇ ಕೂತಳು. ಹಚ್ಚಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದವು. ಸಾಯುವಾಗಲೂ ತನ್ನ ಮಾತೇ ನಡೆಸಿದಳಲ್ಲ ಈ ಹೆಂಗಸು.

ಬತ್ತಿ ಇಸಿದುಕೊಳ್ಳಲು ಗೇನ್ಯಾ ಕೈ ಚಾಚಿದಳು.

"ನಿಂಗೆ ಹಿಡಿಸಕ್ಕೆ ಬರಲ್ಲ. ನಡಿ" ಎಂದು ಸಬೀನಾ ಕೋಟು ತೊಟ್ಟಳು. ತಾಯಿಯ ಕಣ್ಣು ಕೂಡ ಇನ್ನೂ ಮುಚ್ಚಿರಲಿಲ್ಲ. ಆಪಾ ಗೆಳತಿಯ ಮೈ ತೊಳೆಯಲೆಂದು ನೀರು ಕಾಯಿಸಲು ಎದ್ದಳು.

ಗಾಳಿಯಲ್ಲಿ ಬೇಲಿ ಹಿಡಿದುಕೊಂಡೇ ನಡೆಯಬೇಕಾಯಿತು. ಲುಡ್ವಿಕ್ ಮಂಚದ ಮೇಲೆ ಒಣಗಿ ಕಡ್ಡಿಯಾಗಿದ್ದ. ಕಣ್ಣು ತೆರೆದಿತ್ತು, ಆದರೆ ಮುಖದ ಮುಂದೆ ಕೈಯಾಡಿಸಿದರೂ ರೆಪ್ಪೆ ಅಲುಗಲಿಲ್ಲ. ಯಾರು ಎಂದು ಕೇಳಿದ. "ಫೆಲಿಕ್ಸ್ ಮಗಳು" ಎಂದಳು ಸಬೀನಾ. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ, ಅವಳು ಬಿಡಲಿಲ್ಲ. ಬತ್ತಿ ಇಟ್ಟು, ಮುಷ್ಟಿಯ ಮೇಲೆ ಮುಷ್ಟಿ ಬಿಗಿದು, ಹಚ್ಚಿದಳು. ವಾಸನೆ ಮೂಗಿಗೆ ಬಡಿಯುತ್ತಲೇ ಮುದುಕನ ಮೈಯ ನಡುಕ ನಿಂತಿತು. "ಹೊನೊರಾತಾ ಬರ್ಲಿಲ್ವಾ?" ಎಂದು ಕೇಳಿದ್ದಕ್ಕೆ ಅವಳು, "ಮುಂದೆ ಹೋಗಿದಾಳೆ" ಎಂದಷ್ಟೇ ಹೇಳಿದಳು.

ಅವನ ಜೀವವೂ ಅವನ ತಾಯಿಯದರ ಹಾಗೇ, ಬೇಗ ಹೋಗುವಂಥದಲ್ಲ. ಬತ್ತಿ ಕರಗಿ ದಾರ ಒಂದು ಕಡೆ ವಾಲಿತು. ಬಿಸಿ ಮೇಣ ಅವಳ ಬೆರಳ ಸಂದಿಗಿಳಿದು ಅವನ ಬೆರಳಿಗೂ ಅವಳ ಬೆರಳಿಗೂ ಅಂಟು ಹಾಕಿತು. ಉರಿ ಒಮ್ಮೆ ನೀಲಿಯಾಗಿ, ಆರಿತು. ಹುಟ್ಟೂರಿನಿಂದ ಬಂದ ಬತ್ತಿ ಅಲ್ಲಿಗೆ ಮುಗಿಯಿತು. ಮುದುಕ ಇನ್ನೂ ಉಸಿರಾಡುತ್ತಿದ್ದ. ಹೊಗೆ ಮೂಗಿಗೆ ತಾಗಿತೋ ಏನೋ, ತಲೆ ಆಚೀಚೆ ಹೊರಳಿಸಿದ.

"ಆರೋಯ್ತಾ?"

ಗೇನ್ಯಾ ಬಾಯಿ ತೆರೆದಳು. ಸಬೀನಾ ಕಣ್ಣಲ್ಲೇ ಅವಳನ್ನು ಸುಮ್ಮನಾಗಿಸಿದಳು. ತನ್ನ ತಂದೆಯ ಮೇಲೆ ಸಾಕ್ಷಿ ಹೇಳಿದ ಬಾಯಿ ಇಲ್ಲಿ, ಇಷ್ಟು ಹತ್ತಿರ, ತೆರೆದುಕೊಂಡಿತ್ತು. ಅವಳಿಗೆ ಕೇಳಿಸಿದ್ದು ಬೇರೆ ದನಿ, ಸಣ್ಣ ಹುಡುಗನದು.

"ಇಲ್ಲ ಕಣೋ" ಎಂದಳು. "ಉರೀತಾ ಇದೆ. ನೋಡು, ಎಷ್ಟು ಚೆನ್ನಾಗಿ ಉರೀತಾ ಇದೆ."

ಅವನ ಜೀವ ಹೋಗುವವರೆಗೂ ಹಾಗೆಯೇ ಹೇಳುತ್ತ ಕೂತಳು.