ಲಾರಿಯ ಕೆಳಗಿನ ಅತ್ತಿಗೆ

ನನ್ನ ಅತ್ತಿಗೆಯ ನಾಲಗೆಯಲ್ಲಿ ಬಹುವಚನವೆಲ್ಲ ಜಡವಸ್ತುಗಳಿಗೆ ಮೀಸಲು. ಗಂಡ, ಮೈದುನ, ಅಂಚೆಯವನು, ಹೂಗಿಡ ಕೊಳ್ಳಲು ಬಂದ ನ್ಯಾಯಾಧೀಶರು, ಯಾರೇ ಆಗಲಿ ಎರಡನೆಯ ಮಾತಿಗೆ ಆಕೆಗೆ ‘ನೀನು’ ಆಗಿಬಿಡುತ್ತಾರೆ. ತಿರುಗದ ನಟ್ಟಿಗೆ, ತೆರೆಯದ ಬೀಗಕ್ಕೆ, ಕುದಿಯಲು ತಡಮಾಡುವ ಹಾಲಿಗೆ ಮಾತ್ರ ‘ದಯವಿಟ್ಟು ಬನ್ನಿ’, ‘ತುಸು ಜರುಗಿ’ ಎಂಬ ವಿನಮ್ರ ಬಿನ್ನಹ ಸಲ್ಲುತ್ತದೆ. ಇದೇನು ವಿಚಿತ್ರವೆಂದು ಒಮ್ಮೆ ಕೇಳಿದ್ದಕ್ಕೆ, “ಮನುಷ್ಯರು ಬೈದ್ರೂ ಕೆಲಸ ಮಾಡ್ತಾರೆ ಕಣೋ, ಇವರಿಗೆ ಆ ಭಯ ಇಲ್ಲ,” ಎಂದಿದ್ದರು.

ಕುಳ್ಳ ದೇಹ, ಗಿಡ್ಡ ಹೆಜ್ಜೆ. ನಡೆಯುವಾಗ ಎದುರುಗಾಳಿಯನ್ನು ಹಣೆಯಿಂದಲೇ ತಳ್ಳಿಕೊಂಡು ಹೋಗುವವರಂತೆ ತುಸು ಮುಂದಕ್ಕೆ ಬಾಗಿರುತ್ತಾರೆ. ಮೈಮೇಲೆ ಅಣ್ಣನ ಮದುವೆಯ ಕೋಟು. ಮದುವೆಯಾದ ವರುಷದೊಳಗೇ ಅದರ ಗುಂಡಿಗಳು ಅಣ್ಣನ ಹೊಟ್ಟೆಯೊಡನೆ ಸಂಬಂಧ ಕಡಿದುಕೊಂಡಿದ್ದರಿಂದ, ಜೇಬುಗಳು ಧಾರಾಳವಾಗಿವೆ ಎಂಬ ಏಕೈಕ ಕಾರಣಕ್ಕೆ ಆಕೆ ಅದನ್ನು ಕೆಲಸದ ಉಡುಪಾಗಿ ಅಂಗೀಕರಿಸಿದರು. ಒಂದು ಕಾಲಕ್ಕೆ ಗುಲಾಬಿ ಸಿಕ್ಕಿಸಿಕೊಂಡು ಮೆರೆದ ಎದೆಯ ಜೇಬಿನಲ್ಲಿ ಈಗ ಗಿಡ ಸವರುವ ಕತ್ತರಿ. ನುಣುಪಾದ ಒಳಜೇಬಿನಲ್ಲಿ ಸ್ಪ್ಯಾನರು.

ಹಿತ್ತಲಿನಲ್ಲೇ ಆಕೆಯ ಗಿಡಗಳ ಅಂಗಡಿ. ಸಸಿಗಳನ್ನೂ ಮಣ್ಣಿನ ಕುಂಡಗಳನ್ನೂ ಗಿರಾಕಿಗಳ ಮನೆಗೆ ಹೊತ್ತೊಯ್ಯುತ್ತಿದ್ದುದು ಅವರ ತಂದೆಯ ಕಾಲದ ಮುದಿ ಲಾರಿ. ಆ ವರ್ಷ ಅದರ ಮುಂಭಾಗ ಸಡಿಲವಾಯಿತು. ಮುಂದಿನ ಗಾಲಿಗಳ ಮೇಲೆ ಭಾರ ಹೊರುವ ಕಮಾನುಪಟ್ಟಿಗಳ ಪಿನ್ನುಗಳು ಸವೆದು, ಸುತ್ತಲಿನ ರಬ್ಬರಿನ ಬುಷ್‌ಗಳು ಪುಡಿಪುಡಿಯಾಗಿ, ಬ್ರೇಕು ಒತ್ತಿದೊಡನೆ ಲಾರಿ ಎಡಕ್ಕೆ ಎಳೆಯತೊಡಗಿತು. ಮನೆಯಿಂದ ಕುಂಡಗಳಾಗಿ ಹೊರಟವು ಗಿರಾಕಿಯ ಬಾಗಿಲಿಗೆ ಚೂರುಗಳಾಗಿ ತಲುಪುತ್ತಿದ್ದವು. ಒಂದು ದಿನ ಸೇತುವೆಯ ಇಳಿಜಾರಿನಲ್ಲಿ ಲಾರಿ ನೇರವಾಗಿ ಚರಂಡಿಯ ಅಂಚಿಗೇ ಹೋಗಿ ನಿಂತಿತು. ಪಕ್ಕದಲ್ಲಿ ಕುಳಿತಿದ್ದ ಅಣ್ಣ ಔಷಧದಂಗಡಿಯವನು. ಏನನ್ನೂ ತೂಗಿ ನೋಡದೆ ನುಡಿಯದವನು. ಅಂದು ಮಾತ್ರ ಚಪ್ಪಲಿ ಬಿಡದೆ ಅಡುಗೆಮನೆಗೇ ನುಗ್ಗಿದ.

“ಮಾರಿಬಿಡೋಣ. ನಿನ್ನ ಜೀವಕ್ಕಿಂತ ದೊಡ್ಡದಲ್ಲ ಅದು. ಭಾನುವಾರ ಒಬ್ಬರನ್ನ ನೋಡೋಕೆ ಬರಹೇಳ್ತೀನಿ.”

ಅತ್ತಿಗೆ ತಟ್ಟೆ ಇಡುತ್ತಲೇ ಹೇಳಿದರು: “ಬರ್ಲಿ. ಅಷ್ಟರೊಳಗೆ ನೆಟ್ಟಗೆ ಮಾಡಿಡ್ತೀನಿ. ಆಮೇಲೂ ನಿಂಗೆ ಭಯ ಆದ್ರೆ ಮಾರು, ನಾನು ತುಟಿ ಬಿಚ್ಚಲ್ಲ.”

ಮರುದಿನವೇ ಲಾರಿಯ ಮೂತಿ ಜಾಕಿನ ಮೇಲೇರಿ, ದಪ್ಪ ದಿಮ್ಮಿಗಳ ಮೇಲೆ ಭದ್ರವಾಗಿ ಕುಳಿತಿತು. ಹಿತ್ತಲಿಗೆ ಹೋದವರಿಗೆಲ್ಲ ಕಾಣುತ್ತಿದ್ದುದು ಲಾರಿಯಡಿಯಿಂದ ಹೊರಚಾಚಿದ ಎರಡು ಪಾದಗಳು. ಕೇಳುತ್ತಿದ್ದುದು ಸುತ್ತಿಗೆಯ ಏಟಿನ ನಡುನಡುವೆ ನಯವಾದ ಉಪಚಾರದ ಮಾತು. ಬಲಬದಿಯ ಪಿನ್ನುಗಳು ಮರ್ಯಾದೆಗೆ ಮಣಿದು ಹೊರಬಂದವು. ಎಡಬದಿಯದೊಂದು ಮಾತ್ರ ತುಕ್ಕು ಹಿಡಿದು, ಎಣ್ಣೆಗೂ ಏಟಿಗೂ ಬಗ್ಗದೆ ಕೂತಿತು.

ಅದಿನ್ನೂ ಹಾಗೆಯೇ ಕೂತಿರುವಾಗ ಭಾನುವಾರ ಬಂದೇಬಿಟ್ಟಿತು, ಕೊಳ್ಳುವವನೂ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದಲ್ಲಿ ಸಾಮಾನಿನ ಕುಂದು ಹುಡುಕುವವನ ಗಾಂಭೀರ್ಯ. ಅವನನ್ನು ಕರೆತಂದ ಅಣ್ಣ ಬಗ್ಗಿ, “ಸಾಕು ಮಾರಾಯ್ತಿ, ಹೊರಗೆ ಬಾ. ಇವರು ಬಂದಿದ್ದಾರೆ,” ಎಂದ.

“ಬಂದದ್ದು ಒಳ್ಳೇದಾಯ್ತು. ಆ ಪೈಪು ಸ್ಪ್ಯಾನರಿಗೆ ಸಿಕ್ಕಿಸಿ ಹಿಡ್ಕೊ. ನೀನು, ಬಿಳೀ ಅಂಗಿ, ಈ ಬ್ಯಾಟರಿ ಹಿಡಿಯಪ್ಪ. ಮುಖಕ್ಕಲ್ಲ, ಪಿನ್ನಿಗೆ.”

ಆ ದನಿಯಲ್ಲಿ ಅಪ್ಪಣೆಯಾಗಲಿ ವಿನಂತಿಯಾಗಲಿ ಇರಲಿಲ್ಲ. ಮುಂಚೆಯೇ ಒಪ್ಪಿಕೊಂಡವರಿಗೆ ಜ್ಞಾಪಿಸುವ ಧಾಟಿಯಿತ್ತು. ಅಣ್ಣ ಎಳೆದ, ನಾನೂ ಕೈಹಾಕಿದೆ, ಕೆಳಗಿನಿಂದ “ಬನ್ನಿ ಬನ್ನಿ, ಎಲ್ಲರೂ ನಿಮಗೋಸ್ಕರ ಕಾದಿದ್ದೀವಿ” ಎಂಬ ಓಲೈಕೆ ನಡೆದೇ ಇತ್ತು. ನಟ್ಟು ಕಿರುಗುಟ್ಟಿ ಒಮ್ಮೆಲೇ ಸಡಿಲಾದ ರಭಸಕ್ಕೆ ಅಣ್ಣ ಕುಂಡಗಳ ಸಾಲಿನ ಮೇಲೂ ನಾನು ಅಣ್ಣನ ಮೇಲೂ ಬಿದ್ದೆವು. ಬಿಳಿಯಂಗಿಯವನು ಮಾತ್ರ ಬ್ಯಾಟರಿ ಅಲ್ಲಾಡಿಸಲಿಲ್ಲ. ಮುಂದೆ ಸುತ್ತಿಗೆಯ ಎರಡೇಟಿಗೆ ಪಿನ್ನು ತಾನಾಗಿ ಜಾರಿತು.

“ಲಾರಿ ನೋಡಿ ಬೆಲೆ ಮಾತಾಡೋಣ ಅಂದಿದ್ರಲ್ಲ,” ಎಂದು ಅವನು ಮೆಲ್ಲನೆ ಜ್ಞಾಪಿಸಿದ.

“ಅದೆಲ್ಲ ಆಮೇಲೆ,” ಎಂದ ಅಣ್ಣ, ತೋಳು ಮಡಚುತ್ತ. “ಈಗ ಕೆಲಸ ಅರ್ಧಕ್ಕೆ ನಿಂತಿದೆ.”

ಹೊಸ ಬುಷ್‌ಗಳಿಗೆ ಸಾಬೂನಿನ ನೀರು ಸವರಿ ಒಳಗೊತ್ತಿ, ಪಿನ್ನು ತೂರಿಸಿ, ಗಾಲಿ ಹಾಕಿ ಲಾರಿಯನ್ನು ಇಳಿಸಿದರೆ, ಅದು ಕೋಳಿಹುಂಜದಂತೆ ಎದೆಯುಬ್ಬಿಸಿ ನಿಂತು, ತಳ್ಳಿದರೆ ಕೀಚೆಂದಿತು. ಅತ್ತಿಗೆ ಬಗ್ಗಿ ಲಾರಿಯಡಿಗೆ ಇಣುಕಿ, ಕೋಟು ಕುಲುಕುವಂತೆ ನಕ್ಕುಬಿಟ್ಟರು. “ತಪ್ಪು ನಂದೇ. ಇವರು ಕಾಲು ಇಳಿಬಿಟ್ಟು ನೇತಾಡ್ತಿದ್ದಾಗಲೇ ನಟ್ಟು ಬಿಗಿದೆ. ಭಾರ ಹೊತ್ತು ನಿಂತ್ಮೇಲೆ ಬಿಗೀಬೇಕಿತ್ತು. ಇಲ್ದಿದ್ರೆ ರಬ್ಬರು ತಿರುಚಿಕೊಂಡು ಹರಿದುಹೋಗುತ್ತೆ.” ನಟ್ಟುಗಳನ್ನೆಲ್ಲ ಮತ್ತೆ ಸಡಿಲಿಸಿದ್ದಾಯಿತು. ಲಾರಿ ತನ್ನ ಮಟ್ಟಕ್ಕೆ ಕೂರಲೆಂದು ನಾವು ಮೂವರು ಗಂಡಸರು ಮುಂದಿನ ಬಂಪರಿನ ಮೇಲೆ ಹತ್ತಿ ಕುಣಿದೆವು; ಬೇಲಿಯಾಚೆ ನೆರೆಮನೆಯಾಕೆ ಬಟ್ಟೆ ಹರವುವುದನ್ನೇ ಮರೆತು ನಿಂತಳು.

ಅತ್ತಿಗೆ ನಟ್ಟುಗಳನ್ನು ಮತ್ತೆ ಬಿಗಿದ ಮೇಲೆ, ಉಳಿದ ಕುಂಡಗಳನ್ನು ಹೇರಿಕೊಂಡು ಅದೇ ಸೇತುವೆಗೆ ಹೋದೆವು. ಇಳಿಜಾರು ಬಂದಾಗ ಅಣ್ಣನ ಕೈ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಅತ್ತಿಗೆ ಬ್ರೇಕು ಒತ್ತಿದರು. ಲಾರಿ ಗೆರೆ ಎಳೆದಂತೆ ನೆಟ್ಟಗೆ ಹೋಗಿ, ನೆಟ್ಟಗೇ ನಿಂತಿತು. ಅಣ್ಣ ಇಳಿದು ಹಿಂದಕ್ಕೆ ಹೋಗಿ ಕುಂಡಗಳನ್ನು ತಟ್ಟಿ ನೋಡಿದ. ಅವುಗಳ ನಡುವೆ ಮೊಣಕಾಲು ಮಡಚಿ ಕುಳಿತಿದ್ದ ಕೊಳ್ಳುವವನಿಗೆ, “ಬೇಜಾರು ಮಾಡ್ಕೋಬೇಡಿ, ಇದನ್ನ ಮಾರಲ್ಲ,” ಎಂದ.

“ನಾನೂ ಕೇಳೋದಿಲ್ಲ ಸಾರ್,” ಎಂದ ಅವನು. ಅವನ ಅಂಗಿಯಲ್ಲಿ ಬಿಳಿ ಎಂಬುದು ಈಗ ಬರೀ ನೆನಪು. “ನನ್ನ ಗಾಡೀನೂ ಮುಂದೆ ಸ್ವಲ್ಪ ಗಡಗಡ ಅನ್ನುತ್ತೆ. ಒಮ್ಮೆ ತರಬಹುದಾ ಅಂತ...”

“ತಗೊಂಡು ಬಾ,” ಎಂದರು ಅತ್ತಿಗೆ. “ಹಳೇ ಅಂಗಿ ಹಾಕ್ಕೊಂಡು ಬಾ.”

ಇಂಥವರನ್ನು ಲೋಕ ಹಟಮಾರಿಗಳೆಂದು ಕರೆದು ಕೈತೊಳೆದುಕೊಳ್ಳುತ್ತದೆ. ಹಟವೇನೋ ಅವರಲ್ಲಿ ಬೇಕಾದಷ್ಟಿದೆ. ಆದರೆ ಅದನ್ನು ಅವರು ಒಬ್ಬರೇ ಹೊರುವುದಿಲ್ಲ. ವಾದಕ್ಕೆ ಬಂದವನೊಡನೆ ವಾದ ಹೂಡದೆ, ಅವನ ಕೈಗೆ ಕೆಲಸದ ಒಂದು ತುದಿಯನ್ನು ಕೊಟ್ಟುಬಿಡುತ್ತಾರೆ. ತನ್ನ ಬೆವರು ಬಿದ್ದ ಕೆಲಸವನ್ನು ಕೆಟ್ಟದೆನ್ನುವ ಎದೆ ಯಾರಿಗಿದೆ? ಬೇಡವೆಂದು ಹೇಳಲು ಬಂದವನು ಹೊತ್ತು ಇಳಿಯುವಾಗ ಕೈಯ ಜಿಡ್ಡು ತೊಳೆದುಕೊಳ್ಳುತ್ತ, ಬೇಕೆಂಬುದೇ ಮೊದಲಿನಿಂದ ತನ್ನ ಅಭಿಪ್ರಾಯವಾಗಿತ್ತೆಂದು ಮನಸಾರೆ ನಂಬಿ, ಸಿಳ್ಳೆ ಹಾಕುತ್ತ ಮನೆಗೆ ಹೋಗುತ್ತಾನೆ.