ಪ್ರಗತಿ ಪತ್ರದ ಹುಡುಗಿ

ಬಟ್ಟೆ ಕಾರ್ಖಾನೆಯಲ್ಲಿ ಅವಳಿಗೆ ಚೆಕಿಂಗ್ ಅಕ್ಕ ಎಂದೇ ಹೆಸರು. ಹೊಲಿದು ಬಂದ ಅಂಗಿಯನ್ನು ದೀಪದ ಕೆಳಗೆ ಹರಡಿ, ತಪ್ಪು ಕಂಡಲ್ಲಿ ಕೆಂಪು ಚೀಟಿ ಅಂಟಿಸುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ಸಡಿಲ ಗುಂಡಿಯೂ ಹೊರಗೆ ಹೋದದ್ದಿಲ್ಲ. ಅಂಥವಳ ಕೈಗೆ ಮಗಳು ಗುಬ್ಬಿಯ ಪ್ರಗತಿ ಪತ್ರ ಬಂತು.

ಈ ವರ್ಷದಿಂದ ಶಾಲೆಯಲ್ಲಿ ಅಂಕಗಳಿಲ್ಲ. ಮಗು ಹೇಗೆ ಕಲಿಯುತ್ತಿದೆ ಎಂದು ಟೀಚರ್ ಎರಡು ಸಾಲು ಬರೆಯುತ್ತಾರೆ, ಕೆಳಗಿನ ಚೌಕದಲ್ಲಿ ಹೆತ್ತವರು ಬರೆಯಬೇಕು. ಟೀಚರ್ ಬರೆದಿದ್ದರು: 'ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾಳೆ. ಕಥೆ ಹೇಳಲು ನಿಂತರೆ ಮಕ್ಕಳೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ.'

ಚೆಕಿಂಗ್ ಅಕ್ಕ ಹುಬ್ಬು ಗಂಟಿಕ್ಕಿದಳು. ಯಾರಪ್ಪಾ ಈ ಹುಡುಗಿ? ಮನೆಯಲ್ಲಿ ಗುಬ್ಬಿಯ ಬಾಯಿಗೆ ಬೀಗ. ನಾಲ್ಕು ಸಲ ಕೇಳಿದರೆ ಒಂದು 'ಹ್ಞೂಂ' ಬಂದರೆ ದೊಡ್ಡದು.

"ಪತ್ರ ಅದಲು ಬದಲಾಗಿದೆ ರೀ," ಎಂದಳು ಗಂಡನಿಗೆ. "ಇಲ್ಲಾಂದ್ರೆ ಎಲ್ರಿಗೂ ಇದನ್ನೇ ಬರ್ದು ನಮ್ಮ ಕಿವಿ ಮೇಲೆ ಹೂವಿಡ್ತಿದಾರೆ."

"ಹೊಗಳಿದ್ರೂ ಅನುಮಾನಾನಾ ನಿಂಗೆ? ಅವಳನ್ನೇ ಕೇಳು."

ಕೇಳಿದಳು. ಗುಬ್ಬಿ ನೆಲ ನೋಡುತ್ತ "ಗೊತ್ತಿಲ್ಲಮ್ಮ" ಎಂದಳು. ಪಕ್ಕದ ಮನೆಯವರ ಮಗಳ ಪತ್ರ ತರಿಸಿ ನೋಡಿದರೆ ಅದರಲ್ಲಿ ಬೇರೆಯೇ ಮಾತು. ಹಾಗಾದರೆ ಅದಲು ಬದಲೇ ಸೈ. ಕಾರ್ಖಾನೆಯ ಕೆಂಪು ಪೆನ್ನು ತೆಗೆದು ಚೌಕದಲ್ಲಿ ಬರೆದಳು: 'ಇಂಥ ಮಗಳು ನಮ್ಮ ಮನೆಯಲ್ಲಿಲ್ಲ. ಸರಿಯಾಗಿ ಪರಿಶೀಲಿಸಿ.' ಪತ್ರವನ್ನು ಗುಬ್ಬಿಯ ಚೀಲದೊಳಗೆ ತುರುಕಿದಳು.

ನಾಲ್ಕನೇ ದಿನ ಶಾಲೆಯಿಂದ ಕರೆ ಬಂತು. ಟೀಚರ್ ತಪ್ಪೊಪ್ಪಿಕೊಳ್ಳುವುದನ್ನು ಕಣ್ಣಾರೆ ನೋಡಬೇಕೆಂದು ಅರ್ಧ ದಿನ ರಜೆ ಹಾಕಿ ಹೋದಳು.

"ಮಕ್ಕಳು ಕಥೆ ಹೇಳಿದ್ದನ್ನ ನಾವು ರೆಕಾರ್ಡ್ ಮಾಡಿಟ್ಕೋತೀವಿ. ಅದನ್ನ ಕೇಳಿಯೇ ಬರೆಯೋದು," ಎಂದು ಟೀಚರ್ ಫೋನು ಮುಂದಿಟ್ಟರು.

ಗುಬ್ಬಿಯ ದನಿಯೇ. 'ನಮ್ಮಮ್ಮ ಏಣಿ ಹತ್ತಿ ಚಂದ್ರಂಗೂ ಕೆಂಪು ಚೀಟಿ ಅಂಟಿಸಿದ್ಳು. ಕಲೆ ಇದೆ, ವಾಪಸ್ ಕಳ್ಸಿ ಅಂದ್ಳು!' ಹಿಂದೆಯೇ ಮಕ್ಕಳ ನಗು. ಚೆಕಿಂಗ್ ಅಕ್ಕನಿಗೂ ನಗು ತಡೆಯಲಾಗಲಿಲ್ಲ.

ಟೀಚರ್ ಮಾತ್ರ ನಗಲಿಲ್ಲ. "ನೀವು ಬರೆದಿದ್ದನ್ನ ಅವಳು ದಾರೀಲೇ ಓದಿದಾಳೆ. ಅವತ್ತಿಂದ ಕ್ಲಾಸಲ್ಲಿ ತುಟಿ ಬಿಚ್ಚಿಲ್ಲ. ಪತ್ರ ಆಗ ಸರಿಯಾಗೇ ಇತ್ತು ಅಮ್ಮ. ಈಗ ತಪ್ಪಾಗಿದೆ."

ಚೆಕಿಂಗ್ ಅಕ್ಕ ಎದ್ದು ತರಗತಿಯ ಬಾಗಿಲಿಗೆ ಹೋದಳು. ಅಮ್ಮನನ್ನು ಕಂಡದ್ದೇ ಗುಬ್ಬಿ ಥಟ್ಟನೆ ನೆಟ್ಟಗೆ ಕೂತು ಕಾಲರ್ ಸರಿಮಾಡಿಕೊಂಡಳು. ಕಾರ್ಖಾನೆಯಲ್ಲಿ ಚೆಕಿಂಗ್ ಅಕ್ಕ ಬಂದಳೆಂದರೆ ಹೊಲಿಯುವವರೂ ಹೀಗೇ ಕೂರುತ್ತಾರೆ. ಅದನ್ನು ನೋಡಿ ಇಷ್ಟು ವರ್ಷ ಅವಳು ಒಳಗೊಳಗೇ ಬೀಗಿದ್ದಳು. ಇವತ್ತು ನಾಚಿಕೆಯಾಯಿತು.

ಮಗಳನ್ನು ಹೊರಗೆ ಕರೆದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಆ ಚಂದ್ರನ ಕಥೆ ನಂಗೂ ಹೇಳ್ತೀಯಾ, ಕಂದ?"

ಗುಬ್ಬಿ ಅಮ್ಮನ ಮುಖವನ್ನು ಬಹಳ ಹೊತ್ತು ಹಣೆಯಿಂದ ಗಲ್ಲದವರೆಗೆ ಪರೀಕ್ಷಿಸಿದಳು.

"ತಪ್ಪು ಹುಡುಕಲ್ಲ ತಾನೇ?" ಎಂದಳು.