ಟೀಚರ್ ದನಿಗೆ ಬಿದ್ದ ಬೀಗ

ನಮ್ಮ ಮನೆಯಲ್ಲಿ ಒಂದು ಬಸ್ಸಿತ್ತು. ಅದು ನಿಲ್ಲುತ್ತಿದ್ದದ್ದು ಅಂಗಳದಲ್ಲಲ್ಲ, ನನ್ನ ಕಂಪ್ಯೂಟರಿನೊಳಗೆ. ಓಡಿಸುತ್ತಿದ್ದವರು ನಮ್ಮ ಮಾವ.

ಮಾವ ಬದುಕೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಮಂಡಿ ಕೈಕೊಟ್ಟ ಮೇಲೆ "ಇನ್ನು ಗಾಡಿ ಮುಟ್ಟಬೇಡಿ" ಎಂದು ಡಾಕ್ಟರು ಹೇಳಿದಾಗ ಮುಖ ಊದಿಸಿಕೊಂಡು ಕೂತುಬಿಟ್ಟಿದ್ದರು. ಆಗ ಅವರ ಮಗಳು, ಅಂದರೆ ನನ್ನ ನಾದಿನಿ, ಬಸ್ಸು ಓಡಿಸುವ ವಿಡಿಯೋ ಗೇಮ್ ತೋರಿಸಿದಳು. ಮಾವ ತಮ್ಮ ದುಡ್ಡಿನಲ್ಲೇ ಅದನ್ನು ಕೊಂಡರು. ಅಸಲಿ ಆಟ, ರಸೀದಿ ಸಮೇತ. ಅಂದಿನಿಂದ ಮಧ್ಯಾಹ್ನವಾದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ಡ್ಯೂಟಿಗೆ ಹೋಗಿ ಬರ್ತೀನಮ್ಮ" ಎಂದು ಹಿಂದಿನ ಕೋಣೆಗೆ ಹೋಗುತ್ತಿದ್ದರು. ತಿರುವಿನಲ್ಲಿ ಯಾವನಾದರೂ ಅಡ್ಡ ಬಂದರೆ ಅವರು ಬೈಯುವುದು ಅಡುಗೆಮನೆವರೆಗೂ ಕೇಳುತ್ತಿತ್ತು.

ಆ ಹಿಂದಿನ ಕೋಣೆಯೇ ನನ್ನ ಕೆಲಸದ ಜಾಗ. ನಾನು ಧ್ವನಿ ಮುದ್ರಿಸುವವಳು. ಗೋಡೆಗೆಲ್ಲ ಸ್ಪಂಜು, ನಡುವೆ ಒಂದು ಮೈಕು, ಮೂಲೆಯಲ್ಲಿ ಕಂಪ್ಯೂಟರು. ಅಂಗಡಿಯವರ ಜಾಹೀರಾತು, ಮಕ್ಕಳ ಕಥೆ, ಬಂದದ್ದೆಲ್ಲ ಮುದ್ರಿಸಿ, ಕೆಮ್ಮು, ನಿಟ್ಟುಸಿರು ತೆಗೆದು ಹಸನು ಮಾಡಿ ಕೊಡುತ್ತೇನೆ. ನನ್ನ ಕೆಲಸವಿಲ್ಲದ ಹೊತ್ತಿನಲ್ಲಿ ಮಾವನ ಬಸ್ಸು.

ಒಂದು ದಿನ ನಾದಿನಿ ಅಲ್ಲಿಗೆ ಟೀಚರಮ್ಮ ಒಬ್ಬರನ್ನು ಕರೆತಂದಳು. ನಾದಿನಿ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರುಗಳ ಭದ್ರತೆ ನೋಡಿಕೊಳ್ಳುತ್ತಾಳೆ. ಟೀಚರ್ ಅಲ್ಲಿಯ ರೋಗಿ. ಅವರ ಗಂಟಲಲ್ಲಿ ಗೆಡ್ಡೆ. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಅದಕ್ಕೇ ಮೊದಲೇ ಅವರ ದನಿಯನ್ನು ಮುದ್ರಿಸಿ ಫೋನಿಗೆ ಹಾಕಿಕೊಟ್ಟರೆ, ಆಮೇಲೆ ಗುಂಡಿ ಒತ್ತಿ ತಮ್ಮದೇ ದನಿಯಲ್ಲಿ ಮಾತಾಡಬಹುದು.

ಟೀಚರ್ ಮೈಕಿನ ಮುಂದೆ ಕೂತು ಏನೆಲ್ಲ ಹೇಳಿದರು! ಮನೆಯವರನ್ನೆಲ್ಲ ಹೆಸರು ಹಿಡಿದು ಕರೆದರು. "ಬಂದೆ ಇರು." "ತಲೆ ಒರೆಸ್ಕೋ, ಶೀತ ಆಗುತ್ತೆ." "ಹೋಗ್ಲಿ ಬಿಡು, ಅಳಬೇಡ." ಮೊಮ್ಮಗಳಿಗೆ ಮಲಗುವಾಗ ಹೇಳುವ ಕಥೆಯನ್ನು ನಡುವೆ ನಕ್ಕು ನಕ್ಕು ಹೇಳಿದರು. "ಈ ನಗು ತೆಗೀಬೇಡಮ್ಮ, ಅವಳಿಗೆ ಅದೇ ಇಷ್ಟ" ಎಂದರು. ಸರಿ ಎಂದೆ. ಅವರ ಆಪರೇಷನ್ ಆಯಿತು. ನಾನು ಒಂದೊಂದೇ ಮಾತನ್ನು ಹಸನು ಮಾಡುತ್ತಾ ಬಂದೆ. ಎರಡನೆಯ ಪ್ರತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದ ಇನ್ನೊಂದು ಡಿಸ್ಕಿನಲ್ಲೂ ಇಡುತ್ತಿದ್ದೆ. ಕೆಲಸ ಮುಗಿಯದಿದ್ದರಿಂದ ಅದು ಅಲ್ಲೇ ಸಿಕ್ಕಿಕೊಂಡಿತ್ತು.

ಆ ನಡುವೆ ಕಂಪ್ಯೂಟರಿನ ಒಳಗಿನ ಮದರ್‌ಬೋರ್ಡು ಸುಟ್ಟುಹೋಯಿತು. ರಿಪೇರಿಯವನು ಹೊಸದು ಹಾಕಿಕೊಟ್ಟ. ನನ್ನ ಫೈಲುಗಳಿಗೆ ಏನೂ ಆಗಿರಲಿಲ್ಲ. ಆದರೆ ಮಾವ ಅಂಗಿ ತೊಟ್ಟು ಡ್ಯೂಟಿಗೆ ಹೋದರೆ ಬಸ್ಸು ಹೊರಡಲೇ ಇಲ್ಲ. "ಈ ಆಟ ಬೇರೆ ಕಂಪ್ಯೂಟರಿಗೆ ಸೇರಿದ್ದು" ಎಂಬ ಸೂಚನೆ ಬಂತು. ಕಳ್ಳರು ನಕಲು ಮಾಡದಿರಲಿ ಎಂದು ಕಂಪನಿಯವರು ಹಾಕಿದ ಬೀಗವಂತೆ ಅದು. ಬೋರ್ಡು ಬದಲಾಯಿತಲ್ಲ, ನಮ್ಮ ಕಂಪ್ಯೂಟರು ಅದರ ಕಣ್ಣಿಗೆ ಪರಕೀಯವಾಗಿತ್ತು.

ಮಾವ ರಸೀದಿ ಕಳಿಸಿ ಕಂಪನಿಗೆ ಬರೆದರು. "ನಿಮ್ಮ ದೂರು ನಮಗೆ ಅಮೂಲ್ಯ" ಎಂಬ ಉತ್ತರ ಬಂತು. ಇನ್ನೊಮ್ಮೆ ಬರೆದರು. ಇನ್ನೊಮ್ಮೆಯೂ ಅಮೂಲ್ಯವೇ.

"ಟಿಕೆಟ್ ತಗೊಂಡವನನ್ನೇ ದಾರಿ ಮಧ್ಯೆ ಇಳಿಸ್ತಾರಲ್ಲಮ್ಮ! ಇದ್ಯಾವ ಸೀಮೆ ನ್ಯಾಯ?" ಎಂದು ಮಾವ ಕೂಗಾಡಿದರು. ನನಗೂ ಮೈ ಉರಿಯಿತು. ಈಗಲೂ ಉರಿಯುತ್ತದೆ. ದುಡ್ಡು ಎಣಿಸಿಕೊಳ್ಳುವಾಗ ಮಾವನ ಗುರುತು ಚೆನ್ನಾಗಿಯೇ ಸಿಕ್ಕಿತ್ತಲ್ಲ ಅವರಿಗೆ.

ಈ ಉರಿಗೆ ತುಪ್ಪ ಸುರಿದವರು ಕಂಡಕ್ಟರ್ ಮಾವ. ನಮ್ಮ ಮಾವನ ಬಸ್ಸಿನಲ್ಲೇ ಕಂಡಕ್ಟರಾಗಿ ಜೊತೆಗೇ ನಿವೃತ್ತರಾದವರು. ಅವರ ಮೊಬೈಲಿನಲ್ಲಿ ಪುಕ್ಕಟೆ ಸಿನಿಮಾ, ಪುಕ್ಕಟೆ ಆಟ, ಎಲ್ಲದರ ಸಂತೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ.

"ಡ್ರೈವರ್ ಸಾಹೇಬ್ರೇ, ಅದಕ್ಯಾಕೆ ಇಷ್ಟು ತಲೆಬಿಸಿ? ಬೀಗ ಒಡೆದಿರೋ ಆಟ ನನ್ ಹತ್ರ ಇದೆ. ಕಳಿಸ್ತೀನಿ, ಹಾಕ್ಕೊಳ್ಳಿ" ಎಂದರು.

"ಕಳ್ಳಮಾಲು ಅಲ್ವೇನಯ್ಯಾ?"

"ನೀವು ದುಡ್ಡು ಕೊಟ್ಟಾಗಿದೆ. ನಿಮ್ದನ್ನೇ ನೀವು ತಗೊಂಡ್ರೆ ಕಳ್ಳತನ ಹೇಗಾಗುತ್ತೆ?"

ಮಾವನಿಗೆ ಇದು ಸರಿಯೆನಿಸಿತು. ಅರ್ಧ ಸರಿಯೂ ಹೌದು ಅನ್ನಿ. ಹಾಳು ಮಾಡಿದ್ದು ಉಳಿದರ್ಧ.

ನಾನು ಮೈಕಿನ ತಂತಿ ತರಲು ಪೇಟೆಗೆ ಹೋಗಿದ್ದೆ. ಮಾವ ಆ ಫೈಲು ತೆರೆದರು. ಕಂಪ್ಯೂಟರನ್ನು ಕಾಯುವ ಆಂಟಿವೈರಸ್ ಕೆಂಪು ಚೌಕದಲ್ಲಿ "ಇದು ಅಪಾಯಕಾರಿ" ಎಂದು ಅಡ್ಡ ನಿಂತಿತು. ಮಾವ ಹೆದರಿ ಫೋನು ಮಾಡಿದರು.

"ಅದು ಹಾಗೇ ಸುಮ್ಸುಮ್ನೆ ಬೊಗಳುತ್ತೆ. ಮೊದ್ಲು ಅದನ್ನ ಆಫ್ ಮಾಡಿ ಅಂತ ಆಟದ ಜೊತೆನೇ ಬರೆದು ಕೊಟ್ಟಿದ್ದಾರೆ, ನೋಡಿ. ಆಫ್ ಮಾಡಿದ್ರಾ? ಹಾಂ, ರೈಟ್! ಹೋಗ್ಲಿ!" ಎಂದರು ಕಂಡಕ್ಟರ್ ಮಾವ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಸ್ಸಿನಲ್ಲಿ ಹಿಂಬಾಗಿಲು ಡ್ರೈವರಿಗೆ ಕಾಣುವುದಿಲ್ಲ. ಜನ ಹತ್ತಿದರೋ, ಯಾರ ಕಾಲಾದರೂ ಹೊರಗಿದೆಯೋ, ನೋಡುವವನು ಕಂಡಕ್ಟರು. ಅವನು "ರೈಟ್" ಅಂದರೆ ಡ್ರೈವರು ಗೇರು ಹಾಕುತ್ತಾನೆ. ಈ ಕಂಡಕ್ಟರು "ರೈಟ್" ಅಂದಮೇಲೆ ನಮ್ಮ ಮಾವ ಒಮ್ಮೆಯೂ ಹಿಂದಿರುಗಿ ನೋಡಿದವರಲ್ಲ, ಒಮ್ಮೆಯೂ ಮೋಸ ಹೋದವರೂ ಅಲ್ಲ. ಅವತ್ತೂ ಹಾಗೇ ಗೇರು ಹಾಕಿದರು. ಆದರೆ ಈ ಬಸ್ಸಿಗೆ ಯಾರು ಹತ್ತಿದ್ದಾರೆಂದು ಕಂಡಕ್ಟರೂ ನೋಡಿರಲಿಲ್ಲ!

ಬಸ್ಸು ನಿಜವಾಗಿಯೂ ಹೊರಟಿತು. ನಾನು ಬಂದಾಗ ಮಾವ ಹಾಡು ಗುನುಗುತ್ತಾ ಓಡಿಸುತ್ತಿದ್ದರು. ಅವರ ಮುಖ ನೋಡಿ ನನಗೂ ಖುಷಿಯಾಯಿತು. ಅಷ್ಟು ಹೊತ್ತೂ ಒಳಗೊಳಗೇ ನನ್ನ ಒಂದೊಂದು ಫೈಲಿಗೂ ಬೀಗ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಬಸ್ಸು ಮಾಯವಾಗಿ ಕಪ್ಪು ಪರದೆ ಬಂತು. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ದುಡ್ಡು ಕಳಿಸಿದರೆ ಕೀಲಿ ಕೊಡುತ್ತೇವೆ ಎಂದು ಅದರ ಮೇಲೆ ಬರೆದಿತ್ತು.

ನಾದಿನಿಗೆ ಫೋನು ಮಾಡಿದೆ. "ಅತ್ತಿಗೆ, ಮೊದ್ಲು ಇಂಟರ್ನೆಟ್ ತಂತಿ ಕೀಳಿ. ಆ ಡಿಸ್ಕೂ ಕೀಳಿ. ಬೇರೆ ಏನೂ ಮುಟ್ಟಬೇಡಿ, ಬಂದೆ" ಎಂದಳು. ಬಂದು ಎಲ್ಲ ತಡಕಾಡಿದಳು. ಟೀಚರ್ ಮಾತುಗಳು ಹೋಗಿದ್ದವು. ಸಿಕ್ಕಿಸಿದ್ದ ಡಿಸ್ಕಿನಲ್ಲಿದ್ದ ಎರಡನೆಯ ಪ್ರತಿಗೂ ಬೀಗ ಬಿದ್ದಿತ್ತು. ಫೈಲುಗಳು ಅಲ್ಲೇ ಇವೆ, ಕಣ್ಣಿಗೆ ಕಾಣುತ್ತವೆ, ತೆರೆದರೆ ಬರೀ ಕಸ.

"ದುಡ್ಡು ಕಳಿಸಿಬಿಡೋಣ ಕಣೇ. ನನ್ನ ಪೆನ್ಷನ್ ಇದೆ" ಎಂದರು ಮಾವ.

"ಬೇಡ ಅಪ್ಪ. ಕೊಟ್ಟರೂ ಕೀಲಿ ಕೊಡ್ತಾರೆ ಅನ್ನೋ ಗ್ಯಾರಂಟಿ ಏನೂ ಇಲ್ಲ. ಕೊಟ್ಟ ದುಡ್ಡಲ್ಲಿ ಇನ್ನೊಬ್ಬರ ಮನೆಗೆ ನುಗ್ತಾರೆ. ಸೈಬರ್ ಪೊಲೀಸರಿಗೆ ದೂರು ಕೊಡೋಣ. ಡಿಸ್ಕ್ ಹಾಗೇ ಎತ್ತಿಡೋಣ, ಮುಂದೆ ಯಾವತ್ತಾದ್ರೂ ಇದರ ಕೀಲಿ ಸಿಕ್ಕರೂ ಸಿಗಬಹುದು."

ಅಷ್ಟರಲ್ಲಿ ಸುದ್ದಿ ತಿಳಿದು ಕಂಡಕ್ಟರ್ ಮಾವ ಓಡಿಬಂದರು. ಬಂದವರು ಬಾಗಿಲಲ್ಲೇ, "ನಂದೇನೂ ತಪ್ಪಿಲ್ಲಮ್ಮ. ಎಲ್ಲರೂ ಹಾಕ್ಕೊಳ್ತಾರೆ. ಆ ಕಂಪನಿಯವರು ಹಗಲುದರೋಡೆ ಮಾಡ್ತಾರೆ, ನಾವು ಒಂದು ಆಟ ತಗೊಂಡ್ರೆ ಮುಳುಗಿ ಹೋಗ್ತಾರಾ?" ಎಂದು ಶುರು ಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ನಾವಿನ್ನೂ ಅವರ ಹೆಸರೇ ಎತ್ತಿರಲಿಲ್ಲ.

ನಾದಿನಿಗೆ ಸಿಟ್ಟು ಬಂತು. "ಕಂಪನಿಯವರು ಮಾಡಿದ್ದು ತಪ್ಪೇ. ಕೊಂಡವರಿಗೆ ಬೀಗ ಹಾಕ್ತಾರೆ, ಕದಿಯೋರು ಆ ಬೀಗ ಒಡೆದು ಆರಾಮಾಗಿ ಆಡ್ತಾರೆ. ನಾಚಿಕೆಯಾಗಬೇಕು ಅವರಿಗೆ. ಅದಕ್ಕೆ ಬೈಯಿರಿ, ಗ್ರಾಹಕರ ಕೋರ್ಟಿಗೆ ಹೋಗಿ, ದುಡ್ಡು ವಾಪಸ್ ಕೇಳಿ, ನಾನೂ ಜೊತೆಗೆ ಬರ್ತೀನಿ. ಆದ್ರೆ ಅವರ ಮೇಲಿನ ಸಿಟ್ಟಿಗೆ ನಮ್ಮನೆ ಬಾಗಿಲು ತೆಗೀಬೇಕಾ? ಸಿಟ್ಟಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?"

"ಅದು ವೈರಸ್ ಅಂತ ನಂಗೇನಮ್ಮ ಗೊತ್ತು?"

"ಕಾವಲು ನಾಯಿ ಬೊಗಳ್ತಲ್ಲ ಮಾವ! ಒಬ್ಬ ಗುರುತಿಲ್ಲದವನು ಬಂದು, 'ಮೊದ್ಲು ನಿಮ್ಮ ನಾಯಿ ಕಟ್ಟಿಹಾಕಿ, ಆಮೇಲೆ ಒಳಗೆ ಬರ್ತೀನಿ' ಅಂದ್ರೆ ಏನು ಮಾಡ್ತೀರಿ?"

"ನಾಯೀನ ಅವನ ಮೇಲೇ ಬಿಡ್ತೀನಿ."

"ಇಲ್ಲಿ ಕಟ್ಟಿಹಾಕಿಸಿದ್ರಲ್ಲ! ಬೀಗ ಒಡೆಯೋನು ಪುಣ್ಯಕ್ಕೆ ಒಡೀತಾನಾ? ಹೀಗೆ ಹಂಚೋ ಆಟದ ಜೊತೆ ಇನ್ನೇನು ಸೇರಿಸಿದ್ದಾರೋ ನಿಮಗೂ ಗೊತ್ತಿಲ್ಲ, ನಿಮಗೆ ಕೊಟ್ಟವನಿಗೂ ಗೊತ್ತಿಲ್ಲ. ಗೊತ್ತಿಲ್ಲದೇ 'ರೈಟ್' ಅಂದುಬಿಟ್ರಿ."

ಕಂಡಕ್ಟರ್ ಮಾವ ಆ ಮಾತಿಗೆ ಕುರ್ಚಿಯ ತುದಿಯಲ್ಲಿ ಕೂತರು. ನನಗೂ ತಡೆಯಲಾಗಲಿಲ್ಲ. "ಇನ್ನೊಂದು ಕೇಳಿ ಮಾವ. ಆ ಆಟದಲ್ಲಿ ಎಂಜಿನ್ ಗುರ್ ಅನ್ನುತ್ತಲ್ಲ, ಬ್ರೇಕು ಕಿರ್ ಅನ್ನುತ್ತಲ್ಲ, ಅದನ್ನ ನನ್ನಂಥವಳೇ ಒಬ್ಬಳು ಬಿಸಿಲಲ್ಲಿ ಮೈಕ್ ಹಿಡ್ಕೊಂಡು ನಿಂತು ಮುದ್ರಿಸಿರ್ತಾಳೆ. ನೀವು ಕಂಪನಿ ಅಂತೀರಿ. ನನ್ನ ಕೆಲಸಾನ ಯಾರಾದ್ರೂ ಹೀಗೆ ಪುಕ್ಕಟೆ ಹಂಚಿದ್ರೆ ಅವರನ್ನ ಮನೆಗೆ ಕರೆದು ಟೀ ಕೊಡ್ತಿದ್ರಾ? ಟಿಕೆಟಿಲ್ಲದೆ ಹತ್ತಿದವನು 'ಬಸ್ ಹೇಗೂ ಹೋಗ್ತಿತ್ತಲ್ಲ' ಅಂದಾಗ ಬಿಡ್ತಿದ್ರಾ?"

"ಇಳಿಸ್ತಿದ್ದೆ" ಎಂದರು ಕಂಡಕ್ಟರ್ ಮಾವ. ಬಹಳ ಮೆಲ್ಲಗೆ ಎಂದರು.

ಬೈದು ಮುಗಿಸಿದೆವು, ನ್ಯಾಯ ಹೇಳಿ ಮುಗಿಸಿದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಾವೆಲ್ಲ ಗಟ್ಟಿಗರೇ. ಟೀಚರಿಗೆ ಹೇಳುವವರು ಯಾರು?

"ನಾನು ಹೇಳ್ತೀನಿ" ಎಂದರು ಮಾವ.

ಟೀಚರ್ ಬಂದರು. ಕತ್ತಿಗೆ ತೆಳು ಬಟ್ಟೆ ಸುತ್ತಿಕೊಂಡಿದ್ದರು. ತಮ್ಮ ದನಿ ಒಯ್ಯಲು ಬಂದಿದ್ದರು ಅವರು. ಫೋನನ್ನು ಆಗಲೇ ಕೈಯಲ್ಲಿ ಹಿಡಿದು ನನ್ನತ್ತ ನೀಡಿ ನಗುತ್ತಿದ್ದರು. ಮಾವ ಮಂಡಿನೋವಿನಲ್ಲೂ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಕಂಡಕ್ಟರ್ ಮಾವನ ಹೆಸರು ಎತ್ತಲಿಲ್ಲ, ಕಂಪನಿಯನ್ನು ಬೈಯಲಿಲ್ಲ. "ನಾನೇ ಮಾಡಿದ್ದು, ತಾಯಿ" ಎಂದರು.

ಟೀಚರ್ ನನ್ನತ್ತ ನೀಡಿದ್ದ ಫೋನನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಫೋನಿನಲ್ಲಿ ಏನೋ ಒತ್ತಿದರು. ಯಾವುದೋ ಯಂತ್ರದ ದನಿ, ಗಂಡಸಿನದೋ ಹೆಂಗಸಿನದೋ ಹೇಳಲಾಗದ ಒಣ ದನಿ, ಒಂದೊಂದೇ ಪದ ಬಿಡಿಸಿ ಅವರು ಬರೆದದ್ದನ್ನು ಹೇಳಿತು.

"ನನ್ನ ಮೊಮ್ಮಗಳು ಈ ದನಿಗೆ ಹೆದರುತ್ತಾಳೆ."

ಮಾವ ಕೈಮುಗಿದರು.

ಮಾವ ಈಗ ಬಸ್ಸು ಓಡಿಸುವುದಿಲ್ಲ. ಕಂಪನಿಯ ಮೇಲೆ ದೂರು ಕೊಟ್ಟಿದ್ದಾರೆ, ಬಿಡುವವರಲ್ಲ. ಕಂಡಕ್ಟರ್ ಮಾವ ಆ ಆಟವನ್ನು ಯಾರುಯಾರಿಗೆ ಕೊಟ್ಟಿದ್ದರೋ ಅವರ ಮನೆಗೆಲ್ಲ ಹೋಗಿ, ಅದನ್ನು ಅಳಿಸಿ, ಕಂಪ್ಯೂಟರನ್ನು ಗೊತ್ತಿದ್ದವರಿಗೆ ತೋರಿಸಿ ಎಂದು ಹೇಳಿ ಬರುತ್ತಿದ್ದಾರೆ. ಕೆಲವರು ನಗುತ್ತಾರಂತೆ. ನಗಲಿ. ನಕ್ಕವರ ಬಾಗಿಲಿಗೆ ಎರಡನೆಯ ಸಲವೂ ಹೋಗುತ್ತಾರೆ. ಬೀಗ ಬಿದ್ದ ಡಿಸ್ಕು ನನ್ನ ಮೇಜಿನ ಖಾನೆಯಲ್ಲಿದೆ. ಎಸೆಯಲು ನನಗೆ ಮನಸ್ಸಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನನಗೆ ನಿಮ್ಮ ಮೇಲೂ ಸ್ವಲ್ಪ ಸಿಟ್ಟಿದೆ, ಯಾಕೆಂದರೆ "ನಮಗೇನಾಗುತ್ತೆ ಬಿಡಿ" ಎಂದು ನೀವೂ ಅಂದುಕೊಳ್ಳುತ್ತಿದ್ದೀರಿ. ಮೋಸವಾದರೆ ಕಂಪನಿಯ ಜೊತೆ ಜಗಳವಾಡಿ, ಖಂಡಿತ ಆಡಿ. ಬೀಗ ಒಡೆದ ಆಟವನ್ನು ಮಾತ್ರ ಯಾರೇ ಕೊಟ್ಟರೂ, ಎಷ್ಟೇ ನಂಬಿಕಸ್ತರು ಕೊಟ್ಟರೂ, ಹಾಕಿಕೊಳ್ಳಬೇಡಿ. ಕಾವಲನ್ನು ಆಫ್ ಮಾಡು ಅಂದವನ ಮಾತು ಅಲ್ಲಿಗೇ ನಿಲ್ಲಿಸಿ. ಇವತ್ತೇ ನಿಮ್ಮ ಫೈಲುಗಳ ಇನ್ನೊಂದು ಪ್ರತಿ ಮಾಡಿ, ಮಾಡಿದ ಕೂಡಲೇ ಆ ಡಿಸ್ಕನ್ನು ಕಿತ್ತು ಬೇರೆ ಕಡೆ ಇಡಿ. ನಿಮ್ಮ ಕಂಪ್ಯೂಟರಿನಲ್ಲಿ ನೀವೊಬ್ಬರೇ ಇಲ್ಲ. ಯಾರದೋ ಮುಖ, ಯಾರದೋ ದನಿ ನಿಮ್ಮನ್ನು ನಂಬಿ ಅಲ್ಲಿ ಕೂತಿದೆ. ಅವರನ್ನು ಕೇಳದೆ ಬಾಗಿಲು ತೆಗೆಯಬೇಡಿ.